ಎರಡೂವರೆ ಟಿಕೆಟ್ಟು

ನಾನು ಸಿಟ್ಟಿನ ಹೆಂಗಸು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಕಷ್ಟ ಬೇಡ. ಸಾಗರದ ಪೇಟೆಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ರವಿಕೆ ಹೊಲಿಯುತ್ತೇನೆ. ಬರುವವರೆಲ್ಲ "ಪ್ರತಿಮಕ್ಕಾ, ನಾಳೆಗೇ ಬೇಕಿತ್ತು" ಎಂದೇ ಬರುತ್ತಾರೆ. ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ದಸರಾ ರಜೆ ಶುರುವಾದ ದಿನದಿಂದ ನನ್ನ ಮಗಳು ಜ್ಯೋತಿಲಕ್ಷ್ಮಿ ತಲೆ ತಿನ್ನುತ್ತಿದ್ದಳು. ಹತ್ತು ವರ್ಷದ ಹುಡುಗಿ. ಅವಳ ಕ್ಲಾಸಿನವರೆಲ್ಲ ಕಾರು ಮಾಡಿಕೊಂಡು ಎಲ್ಲೆಲ್ಲಿಗೋ ಹೋಗಿದ್ದಾರಂತೆ, ತಾನೊಬ್ಬಳೇ ಮನೆಯಲ್ಲಿ ಕೂತು ಹುಕ್ಸು ಹೊಲಿಯುತ್ತಿದ್ದಾಳಂತೆ. ಕಾರಿಲ್ಲದಿದ್ದರೆ ಏನಾಯಿತು, ಸರ್ಕಾರಿ ಬಸ್ಸಿಲ್ಲವೇ, ಹೆಂಗಸರಿಗೆ ಪುಕ್ಕಟೆ ಅಲ್ಲವೇ ಎಂದೆ. ಭಾನುವಾರ ಬೆಳಿಗ್ಗೆ ಹೊರಟು ಕವಲೇದುರ್ಗದ ಕೋಟೆ ನೋಡುವುದು, ಅಲ್ಲೇ ಬುತ್ತಿ ಉಣ್ಣುವುದು, ಸಂಜೆಯೊಳಗೆ ಮನೆ. ನಾನು, ಮಗಳು, ನನ್ನ ಅತ್ತೆ ಕೆರಿಯಮ್ಮ, ಮೂವರೂ ಹೆಂಗಸರೇ. ನಮ್ಮನೆಯವರಿಗೆ ಭಾನುವಾರವೂ ಗ್ಯಾರೇಜಿನ ಕೆಲಸ ಬಿಡುವುದಿಲ್ಲ, ಹಾಗಾಗಿ ಅವರು ಉಳಿದರು.

"ಅಮ್ಮಂಗೆ ಎಪ್ಪತ್ಮೂರು. ಒಂದು ಕಣ್ಣು ಸರಿ ಕಾಣಲ್ಲ. ಜೋಪಾನ ಮಾರಾಯ್ತಿ" ಎಂದರು ಅವರು.

"ನಾನೇನು ಅವರನ್ನ ಮಾರಿ ಬರ್ತೀನಾ?" ಎಂದೆ.

ಹೊಸನಗರದವರೆಗೆ ಸುಖವಾಗಿ ಬಂದೆವು. ಅಲ್ಲಿ ಬಸ್ಸು ಬದಲಿಸಬೇಕು. ಬಿದನೂರು ನಗರ, ಕವಲೇದುರ್ಗದ ಕ್ರಾಸಿನ ಮೇಲೆ ತೀರ್ಥಹಳ್ಳಿಗೆ ಹೋಗುವ ಸರ್ಕಾರಿ ಬಸ್ಸು ನಿಂತಿತ್ತು, ಅದರ ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು. ಪುಕ್ಕಟೆಯಾದ ಮೇಲೆ ತಿರುಗಾಡುವ ಚಟ ನನಗೊಬ್ಬಳಿಗೇ ಹತ್ತಿದ್ದಲ್ಲ ನೋಡಿ.

ನಮ್ಮ ಕಡೆ ಸೀಟು ಹಿಡಿಯುವುದಕ್ಕೆ ಒಂದು ಕಟ್ಟಳೆ ಇದೆ. ಕಿಟಕಿಯಿಂದ ಟವೆಲ್ಲು ಹಾಕಿದರೆ ಆ ಸೀಟು ಟವೆಲ್ಲಿನವರದ್ದು. ಕೊಡೆ, ಚೀಲ, ಏನಾದರೂ ಆದೀತು. ಮನೆಯಲ್ಲಿ ಯಾರು ಜೋರೋ ಅವರು ಮೊದಲು ನುಗ್ಗಿ ಹಿಡಿಯುತ್ತಾರೆ, ಉಳಿದವರು ನಿಧಾನಕ್ಕೆ ಹತ್ತುತ್ತಾರೆ. ನಮ್ಮಲ್ಲಿ ಆ ಕೆಲಸ ಅತ್ತೆಯದು. ಮುದುಕಿಯನ್ನು ಕಂಡರೆ ಜನ ದಾರಿ ಬಿಡುತ್ತಾರೆ, ಬಿಡದವರಿಗೆ ಅವರ ಮೊಣಕೈ ಇದೆ. ಟವೆಲ್ಲು, ಕೊಡೆ, ಬುತ್ತಿ ಚೀಲ ಹಿಡಿದು ಅತ್ತೆ ಒಳಗೆ ಮಾಯವಾದರು. ಎರಡು ನಿಮಿಷಕ್ಕೆ ಎಡಗಡೆ ಕಿಟಕಿಯಲ್ಲಿ ಅವರ ಮುಖ ಕಾಣಿಸಿತು. ಮೂರು ಬೆರಳು ತೋರಿಸಿದರು. ಮೂರೂ ಸಿಕ್ಕಿದೆ ಎಂದು ಅರ್ಥ.

ಆಗಲೇ ನನ್ನ ಮಗಳಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಮನೆಯಲ್ಲಿ ಬರಲಿಲ್ಲ, ಸಾಗರದಲ್ಲಿ ಬರಲಿಲ್ಲ, ಬಸ್ಸು ಹತ್ತುವಾಗ ಬಂತು. ಬೈದುಕೊಂಡೇ ಕರೆದುಕೊಂಡು ಹೋದೆ.

ಬಸ್ಸು ಯಾವಾಗ ಹೊರಡುತ್ತದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಗಡಿಯಾರ ನೋಡುವವರು ಹೊಸಬರು, ನಾವು ಡ್ರೈವರನ್ನು ನೋಡುವವರು. ಡ್ರೈವರು ಹೋಟೆಲ್ಲಿನಲ್ಲಿ ಇರುವ ತನಕ ಬಸ್ಸು ಎಲ್ಲಿಗೆ ಹೋದೀತು? ಹಿಂದಿರುಗಿ ಬರುವಾಗ ನೋಡಿದೆ, ಖಾಕಿ ಅಂಗಿಯ ದಪ್ಪ ಮನುಷ್ಯ ಹೋಟೆಲ್ಲಿನಲ್ಲಿ ಕೂತು ಬನ್ಸು ಮುರಿಯುತ್ತಿದ್ದ. ಎದುರಿಗೆ ಚಹಾ ಇನ್ನೂ ಬಂದಿರಲಿಲ್ಲ. ಓಹೋ, ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಮಗಳಿಗೆ ಚಕ್ಕುಲಿ ಪೊಟ್ಟಣ ಕೊಡಿಸಿದೆ, ಒಂದು ಬಾಟಲಿ ನೀರು ತೆಗೆದುಕೊಂಡೆ, ಚಿಲ್ಲರೆಗೆ ಅಂಗಡಿಯವನ ಜೊತೆ ಸ್ವಲ್ಪ ಜಗಳವನ್ನೂ ಆಡಿದೆ. ಡ್ರೈವರು ಚಹಾ ಕುಡಿದು, ಬಾಯಿ ಒರೆಸಿ, ಎದ್ದು ಹೋಗಿ ಪಕ್ಕದ ಶಿವಮೊಗ್ಗದ ಬಸ್ಸು ಹತ್ತಿದ.

ನಮ್ಮ ಬಸ್ಸು ನಿಂತಿದ್ದ ಜಾಗ ಖಾಲಿಯಿತ್ತು.

"ಅಮ್ಮಾ, ಅಜ್ಜಿ ಎಲ್ಲಿ?" ಎಂದಳು ಜ್ಯೋತಿ.

"ತೀರ್ಥಳ್ಳಿ ಗಾಡಿ ಹೋಗಿ ಹತ್ತು ನಿಮಿಷ ಆತಲ್ಲ ಅಕ್ಕಾ" ಎಂದ ಅಂಗಡಿಯವನು, ಚಿಲ್ಲರೆಯ ಸಿಟ್ಟು ಇನ್ನೂ ಮುಖದಲ್ಲಿತ್ತು. ಅತ್ತೆಯ ಹತ್ತಿರ ಫೋನಿಲ್ಲ. ಆಧಾರ್ ಕಾರ್ಡು ನನ್ನ ಬ್ಯಾಗಿನಲ್ಲಿದೆ, ಅದಿಲ್ಲದೆ ಪುಕ್ಕಟೆ ಟಿಕೆಟ್ಟಿಲ್ಲ. ಕಂಡಕ್ಟರು ಅವರನ್ನು ಯಾವ ಕಾಡಿನ ಮಧ್ಯೆ ಇಳಿಸುತ್ತಾನೋ, ಒಂದು ಕಣ್ಣಿನಲ್ಲಿ ಅವರು ಯಾವ ಕಡೆ ನಡೆಯುತ್ತಾರೋ ದೇವರೇ ಬಲ್ಲ.

ಅದೃಷ್ಟಕ್ಕೆ ತೀರ್ಥಹಳ್ಳಿಯ ಪ್ರೈವೇಟ್ ಬಸ್ಸೊಂದು ಹೊರಡುವುದರಲ್ಲಿತ್ತು. ಮಗಳ ಕೈ ಹಿಡಿದು ಎಳೆದುಕೊಂಡೇ ಹತ್ತಿದೆ. ಅದರ ಕಂಡಕ್ಟರಿನ ಹೆಸರು ಗುತ್ಯಪ್ಪ. ಬಡಪಾಯಿ, ಏನೂ ತಪ್ಪು ಮಾಡದೆ ನನ್ನ ಬಾಯಿಗೆ ಸಿಕ್ಕಿದ.

"ಜೋರಾಗಿ ಓಡ್ಸಕ್ಕೆ ಹೇಳಿ ನಿಮ್ಮ ಡ್ರೈವರಿಗೆ! ಸರ್ಕಾರಿ ಬಸ್ಸು ಹಿಡೀಬೇಕು."

"ದಾರೀಲಿ ಜನ ಹತ್ಸ್ಕಳದು ಬ್ಯಾಡ್ವಾ ಅಕ್ಕಾ?"

"ನಮ್ಮತ್ತೆ ಕಳ್ದೋಗಿದಾರೆ, ನಿಮಗೆ ಜನದ ಚಿಂತೆ!"

ಇಡೀ ಬಸ್ಸು ತಿರುಗಿ ನೋಡಿತು. ಗುತ್ಯಪ್ಪ ಟಿಕೆಟ್ಟು ಕೊಡುವುದು ಬಿಟ್ಟು ಫೋನು ತೆಗೆದ. "ಆ ಗಾಡಿಗೆ ಇವತ್ತು ಹೂವಯ್ಯ ಕಂಡಕ್ಟ್ರು. ನಂಬರಿದೆ ನನ್ನತ್ರ, ತಡೀರಿ." ಮೂರು ಸಲ ಹಚ್ಚಿದ. ಮೂರು ಸಲವೂ ಸಿಗಲಿಲ್ಲ. "ಕಾಡಲ್ವಾ ಅಕ್ಕಾ, ಈ ದಾರೀಲಿ ಟವರ್ ಇಲ್ಲ" ಎಂದ, ಆ ಕಾಡು ತಾನೇ ಬೆಳೆಸಿದ್ದು ಎನ್ನುವ ಹಾಗೆ ಸಂಕೋಚಪಟ್ಟುಕೊಂಡು.

ನಿಜ ಹೇಳುತ್ತೇನೆ. ಮೊದಲ ಅರ್ಧ ಗಂಟೆ ನನಗೆ ಅತ್ತೆಯ ಚಿಂತೆಗಿಂತ ನನ್ನ ಚಿಂತೆಯೇ ಹೆಚ್ಚಿತ್ತು. ನಮ್ಮನೆಯವರಿಗೆ ಏನು ಹೇಳಲಿ? ನಾದಿನಿ ಏನನ್ನುತ್ತಾಳೆ? ಅತ್ತೆಯನ್ನು ಬಸ್ಸಿನಲ್ಲಿ ಕಳೆದ ಸೊಸೆ ಎಂದು ಊರು ತುಂಬ ಹೆಸರಾಗುತ್ತದಲ್ಲ! ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳವಾಡಿದವರು ನಾವು. ಉಪ್ಪು ಹೆಚ್ಚಾಯಿತು ಎಂದು ಅವರು, ಬಾಯಿ ಹೆಚ್ಚಾಯಿತು ಎಂದು ನಾನು. ಬೇಕೆಂದೇ ಬಿಟ್ಟು ಬಂದಳು ಎಂದರೂ ನಂಬುವವರಿದ್ದಾರೆ.

ಬಿದನೂರು ನಗರದ ಹತ್ತಿರ ಎಲ್ಲಿಂದಲೋ ಟವರ್ ಬಂದು ನನ್ನ ಫೋನು ಹೊಡೆದುಕೊಂಡಿತು. ಅತ್ತೆಯ ಸುದ್ದಿಯೇನೋ ಎಂದು ನೋಡಿದರೆ ನಮ್ಮನೆಯವರು.

"ಎಲ್ಲಿದೀರಿ?"

"ಬಸ್ಸಲ್ಲಿ."

"ಅಮ್ಮ?"

"ಬಸ್ಸಲ್ಲೇ ಇದಾರೆ. ಸೀಟು ಸಿಕ್ಕಿದೆ ಅವ್ರಿಗೆ."

ಒಂದು ಸುಳ್ಳೂ ಹೇಳಲಿಲ್ಲ. ಟವರ್ ಇರುವಾಗಲೇ ಗುತ್ಯಪ್ಪನಿಂದ ಹೂವಯ್ಯನಿಗೆ ಇನ್ನೊಂದು ಸಲ ಹಚ್ಚಿಸಿದೆ, ಆಗಲೂ ಸಿಗಲಿಲ್ಲ. ಜ್ಯೋತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಚಕ್ಕುಲಿ ಪೊಟ್ಟಣ ಒಡೆದಿರಲಿಲ್ಲ. "ಅಜ್ಜಿಗೆ ಹಸಿವಾಗತ್ತೆ ಅಮ್ಮ" ಎಂದಳು. ಬುತ್ತಿ ಚೀಲ ಅವರ ಹತ್ತಿರವೇ ಇದೆ ಎಂದು ಹೇಳಲು ಹೋದಾಗಲೇ ಹೊಳೆಯಿತು. ನಾವಿಲ್ಲದೆ ಅವರು ಅದನ್ನು ಬಿಚ್ಚುವುದಿಲ್ಲ. ನನ್ನ ಬಾಣಂತನದಲ್ಲಿ ನಾನು ಉಂಡ ಮೇಲೇ ಉಣ್ಣುತ್ತಿದ್ದರು, ನಾನು ತಡಮಾಡಿದರೆ ಬೈಯುತ್ತಲೇ ಕಾಯುತ್ತಿದ್ದರು. ಆಗ ನಿಜವಾದ ಹೆದರಿಕೆ ಬಂತು. ಊರಿನವರು, ನಾದಿನಿ, ಎಲ್ಲರೂ ಮರೆತುಹೋದರು. ಆ ಮುದುಕಿ ಎಲ್ಲಾದರೂ ರಸ್ತೆ ಬದಿಯಲ್ಲಿ ಹಸಿದುಕೊಂಡು ನಿಂತಿರಬಾರದು, ಅಷ್ಟೇ ಸಾಕಾಗಿತ್ತು ನನಗೆ.

ಕವಲೇದುರ್ಗದ ಕ್ರಾಸಿನಲ್ಲಿ ಗುತ್ಯಪ್ಪ ತಾನಾಗಿಯೇ ಬಸ್ಸು ನಿಲ್ಲಿಸಿದ. ನಾನು ಬಾಗಿಲಲ್ಲೇ ನಿಂತು ಕೂಗಿದೆ. ಅಲ್ಲಿ ಗೂಡಂಗಡಿಯ ಹೆಂಗಸೊಬ್ಬರು ಬಾಳೆಗೊನೆ ತೂಗುಹಾಕುತ್ತಿದ್ದರು.

"ಸರ್ಕಾರಿ ಬಸ್ಸಿಂದ ಒಂದು ಅಜ್ಜಿ ಇಳಿದ್ರಾ? ಕೈಯಲ್ಲಿ ಕೊಡೆ, ಚೀಲ?"

"ಇಲ್ಲಪ್ಪ. ನಾಕು ಜನ ಹುಡುಗ್ರು ಇಳ್ದು ಕೋಟೆ ಕಡೆ ಹೋದ್ರು. ಅಜ್ಜಿ ಯಾರೂ ಇಲ್ಲ."

"ಸರಿ ನೋಡಿದ್ರಾ?"

"ಕಣ್ಣೆದ್ರಿಗೇ ಬಸ್ಸು ನಿಂತಿತ್ತು ಮಾರಾಯ್ತಿ, ನೋಡದೆ ಎಂತ?"

ಬಸ್ಸು ಹೊರಟಿತು. ಇಲ್ಲೂ ಇಳಿದಿಲ್ಲ ಎಂದರೆ ನಡುವೆ ಎಲ್ಲಿ ಇಳಿದರು? ಅಥವಾ ತೀರ್ಥಹಳ್ಳಿಗೇ ಹೋಗಿ ಆ ಗದ್ದಲದಲ್ಲಿ ಬೇರೆ ಯಾವ ಬಸ್ಸು ಹತ್ತಿದರು? ಪಕ್ಕದ ಸೀಟಿನಲ್ಲಿ ಕೂತ ಹೆಂಗಸು ನನ್ನ ಬೆನ್ನು ಸವರಿ "ಸಿಕ್ತಾರೆ, ಸುಮ್ನಿರಿ" ಎಂದರು. ಅವರ ಮೇಲೆ ರೇಗಬೇಕೆನಿಸಿತು, ರೇಗಲಿಲ್ಲ. ಮುಖ ತಿರುಗಿಸಿ ಕಿಟಕಿಯ ಕಡೆ ಕೂತೆ. ಹಾಗೆ ಸುಮ್ಮನಿರುವುದು ನನಗೆ ರೂಢಿಯಿಲ್ಲ.

ತೀರ್ಥಹಳ್ಳಿ ಸ್ಟ್ಯಾಂಡು ಬರುವ ಮೊದಲೇ ನಾನು ಬಾಗಿಲಲ್ಲಿದ್ದೆ. ಮೂಲೆಯಲ್ಲಿ ಆ ಸರ್ಕಾರಿ ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು, ಜನರೆಲ್ಲ ಇಳಿದು ಹೋಗಿದ್ದರು. ಅದರ ಮೆಟ್ಟಿಲ ಹತ್ತಿರ ನೀರು ಕುಡಿಯುತ್ತ ನಿಂತಿದ್ದ ಕಂಡಕ್ಟರನ್ನು ನೋಡಿ "ಹೂವಯ್ಯ ನೀವೇನಾ?" ಎಂದು ಚೀರಿದೆ.

ಆತ ಬಾಟಲಿ ಕೆಳಗಿಳಿಸಿ ಕೈಮುಗಿದ. "ನೀವೇ ಸೊಸೆನಾ? ಬಂದ್ರಲ್ಲ, ಪುಣ್ಯ! ಒಳಗಿದಾರೆ. ಇಳೀರಿ ಅಂದ್ರೆ ಇಳಿಯಲ್ಲ, ಊಟ ಮಾಡ್ಸ್ತೀನಿ ಬನ್ನಿ ಅಂದ್ರೆ ಬರಲ್ಲ. ನಂದೂ ಊಟ ಆಗಿಲ್ಲ."

ಒಳಗೆ ಹತ್ತಿದೆ. ಇಡೀ ಬಸ್ಸು ಖಾಲಿ. ಎಡಗಡೆ ನಾಲ್ಕನೇ ಸಾಲಿನಲ್ಲಿ ಅತ್ತೆ ಕಿಟಕಿಗೆ ಒರಗಿ ಕೂತಿದ್ದರು. ಪಕ್ಕದ ಸೀಟಿನ ಮೇಲೆ ಟವೆಲ್ಲು, ಅದರ ಪಕ್ಕದ್ದರ ಮೇಲೆ ಕೊಡೆ. ಬುತ್ತಿ ಚೀಲ ಕಟ್ಟಿದ ಹಾಗೇ ತೊಡೆಯ ಮೇಲಿತ್ತು.

"ಬಂದ್ಯಾ? ಕೂತ್ಕಾ" ಎಂದು ಟವೆಲ್ಲು ತೆಗೆದರು.

ಕೂತೆ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವರ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಹೀಗಿರುತ್ತದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಜ್ಯೋತಿ ಅಜ್ಜಿಯ ಇನ್ನೊಂದು ಕೈ ಹಿಡಿದು ಬಿಡಲೇ ಇಲ್ಲ.

"ಎಂತಕ್ಕೆ ಅಳದು? ಯಾರು ಸತ್ರು ಈಗ?" ಎಂದು ಗದರಿದರು ಅತ್ತೆ.

"ಬಸ್ಸು ಹೊರಟಾಗ ಕೂಗಬಾರ್ದಿತ್ತಾ?"

"ಹಿಂದಿನ ಬಾಗ್ಲಲ್ಲಿ ಹತ್ತಿ ನಿಂತಿದೀರಿ ಅಂದ್ಕಂಡೆ. ಆ ಜನದಲ್ಲಿ ತಿರುಗಿ ನೋಡಕ್ಕೆ ಆಗ್ತದಾ? ಇವನು ಟಿಕೆಟ್ಟು ಕೇಳಕ್ಕೆ ಬಂದಾಗ ಗೊತ್ತಾತು, ಅಷ್ಟೊತ್ತಿಗೆ ಬಿದನೂರು ನಗರ ದಾಟಿತ್ತು."

"ಕ್ರಾಸಲ್ಲಿ ಇಳಿಬೋದಿತ್ತಲ್ಲ."

"ಇಳಿದ್ರೆ ನೀನು ಎಲ್ಲಿ ಅಂತ ಹುಡುಕ್ತೀಯ? ಬಸ್ಸಲ್ಲೇ ಕೂತ್ರೆ, ಬಸ್ಸು ಹುಡುಕಿದ್ರೆ ಸಾಕು."

ಮೂರನೇ ಕ್ಲಾಸೂ ಮುಗಿಸದ ಹೆಂಗಸಿನ ಈ ಲೆಕ್ಕಾಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಆಗ ಹೂವಯ್ಯ ಮೆಟ್ಟಿಲ ಮೇಲಿಂದಲೇ ನಗುತ್ತ ಹೇಳಿದ: "ಅಕ್ಕಾ, ಇವರು ಮಾಡಿದ್ದು ಕೇಳಿ. ನಿಂತಿದ್ದೋರೆಲ್ಲ ಸೀಟು ಬಿಡಿ ಅಂತ ಗಲಾಟೆ. ಟಿಕೆಟ್ಟಿಲ್ದೆ ಸೀಟು ಇಟ್ಕಳಕ್ಕೆ ಆಗಲ್ಲಜ್ಜಿ ಅಂದೆ ನಾನೂ. ಎಲೆ ಸಂಚಿ ಬಿಚ್ಚಿ ನೋಟು ಕೊಟ್ಟು, ಎರಡೂವರೆ ಟಿಕೆಟ್ಟು ಕೊಡು ಅಂದ್ರು. ಬಸ್ಸಲ್ಲಿ ಇಲ್ದೋರಿಗೆ ಹ್ಯಾಂಗೆ ಕೊಡ್ಲಿ ಅಂದ್ರೆ ನಂಗೇ ಬೈದ್ರು."

"ಬೈದೆ ಇನ್ನೆಂತ?" ಎಂದರು ಅತ್ತೆ. "ಪ್ರೈವೇಟ್ ಬಸ್ಸು ಹತ್ತಿ ಮುಂದೆ ಬಂದು ಎಲ್ಲಾದ್ರೂ ಹತ್ಕಂತಾಳೆ, ಆಗ ಕೂರಕ್ಕೆ ಜಾಗ ಬ್ಯಾಡ್ವಾ ಅಂದೆ."

"ಅಯ್ಯೋ, ಪುಕ್ಕಟೆ ಬಸ್ಸಲ್ಲಿ ದುಡ್ಡು ಕೊಟ್ಟು ಬಂದ್ರಾ!" ನನಗೆ ಅಳುವಿನ ನಡುವೆಯೇ ನಗು ಬಂತು. ಅವರೂ ನಕ್ಕರು. ಸಂಚಿಯಿಂದ ಟಿಕೆಟ್ಟು ತೆಗೆದು ನನ್ನ ಕೈಗಿಟ್ಟರು. ಒಂದು ಅವರದು, ಒಂದು ನನ್ನದು, ಅರ್ಧ ಜ್ಯೋತಿಯದು.

"ನಾವು ಬರದೇ ಹೋಗಿದ್ರೆ? ಹೆದರಿಕೆ ಆಗ್ಲಿಲ್ವಾ ಅತ್ತೆ ನಿಮಗೆ?"

ಅತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದರು. ತಲೆ ಎತ್ತಿ ಒಳ್ಳೆಯ ಕಣ್ಣಿನಿಂದ ನನ್ನನ್ನು ನೋಡಿದರು. ನಾನು ಕೇಳಿದ್ದು ಅವರಿಗೆ ಅರ್ಥವೇ ಆದಂತೆ ಕಾಣಲಿಲ್ಲ.

"ನೀ ಬರ್ತೀಯ ಅಂತ ಗೊತ್ತಿತ್ತಲ್ಲೇ" ಎಂದರು. "ಕೈ ತೊಳ್ಕಂಡು ಬಾ, ಹಸಿವಾಗಿದೆ."