ಟ್ರೇಯ ತಳದ ಅರ್ಜಿ

“ನಂದು ಮೂವತ್ತೊಂದಲ್ಲ ಮೇಡಂ, ಒಂದು,” ಎಂದ ಬೇಕರಿಯವನು, ಗಾಜಿನ ಕಿಟಕಿಯ ಕಂಡಿಗೆ ಬಾಯಿ ಹತ್ತಿರ ತಂದು. “ಅರ್ಜಿ ತಗೊಂಡ ದಿನ ಬೆಳಿಗ್ಗೆ ಗೇಟು ತೆಗೆಯೋಕೆ ಮುಂಚೆ ಬಂದು ನಿಂತಿದ್ದೆ. ನನ್ನ ಮುಂದೆ ಒಂದು ನರಪಿಳ್ಳೆ ಇರ್ಲಿಲ್ಲ.”

ಒಳಗೆ ಕುಳಿತಿದ್ದ ಹೆಂಗಸಿಗೆ ಇದು ಹೊಸದಲ್ಲ. ಈಜು ಕ್ಲಬ್ಬಿನಲ್ಲಿ ಮಕ್ಕಳ ವೇಟಿಂಗ್ ಲಿಸ್ಟ್ ನೋಡಿಕೊಳ್ಳುವುದು ಅವಳ ಕೆಲಸ; ಅವಳಿಗೊಂದು ಹೆಸರಿದ್ದರೂ ಎಲ್ಲರ ಬಾಯಲ್ಲೂ ಅವಳು ಲಿಸ್ಟಕ್ಕ. ಎಂಟು ವರ್ಷದಲ್ಲಿ ಒಂದು ಹೆಸರನ್ನೂ ಅವಳು ಮೇಲೆ ಕೆಳಗೆ ಮಾಡಿದವಳಲ್ಲ. ಕ್ಲಬ್ಬಿನ ಅಧ್ಯಕ್ಷರ ಮೊಮ್ಮಗನೇ ಒಂಬತ್ತನೆಯವನಾಗಿ ಕಾಯುತ್ತಿದ್ದ. ಅಧ್ಯಕ್ಷರು ಎರಡು ಸಲ ಅವಳ ಮೇಜಿನ ಮುಂದೆ ಬಂದು, ಸುಮ್ಮನೆ ಕೆಮ್ಮಿ, ಹಾಗೇ ಹೋಗಿದ್ದರು.

“ಎಲ್ಲರೂ ಮೊದಲನೆಯವರೇ,” ಎಂದಳು ಲಿಸ್ಟಕ್ಕ. “ಆರು ತಿಂಗಳಿಂದ ಪಟ್ಟಿ ಬೋರ್ಡಿನಲ್ಲಿದೆ. ಇವತ್ತು ಬಂದು ಹೇಳಿದ್ರೆ ಹೇಗೆ?”

“ಚೀಟಿ ಎತ್ತಿರ್ತೀರಿ ಅಂದ್ಕೊಂಡಿದ್ದೆ. ನಮ್ಮ ಅದೃಷ್ಟ ಇಷ್ಟೇ ಅಂತ ಸುಮ್ಮನಿದ್ದೆ. ಬಂದವರ ಸಾಲಿನಲ್ಲೇ ನಂಬರು ಕೊಡೋದು ಅಂತ ಇವತ್ತು ವಾಚ್‌ಮನ್ ಹೇಳಿದ್ರು.” ಅವನು ಕಂಡಿಗೆ ಇನ್ನಷ್ಟು ಬಗ್ಗಿದ. “ಬರೋ ತಿಂಗಳು ನನ್ನ ಮಗಳಿಗೆ ಹತ್ತು ತುಂಬುತ್ತೆ. ಆಮೇಲೆ ಹೊಸಬರನ್ನ ತಗೊಳ್ಳಲ್ಲ ಅಂತ ನೀವೇ ಬರೆದು ಹಾಕಿದ್ದೀರಿ. ಅವಳು ದಿನಾ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಕಟ್ತಾಳೆ ಮೇಡಂ. ಐವತ್ತರವರೆಗೆ ಎಣಿಸ್ತಾಳೆ. ನನ್ನ ಅರ್ಜಿ ತಿರುಗಿಸಿ ನೋಡಿ ಬೇಕಾದ್ರೆ. ವಾಚ್‌ಮನ್ ಹಿಂದೆ ಪೆನ್ಸಿಲಲ್ಲಿ ಟೈಮು ಬರ್ಕೊಂಡಿದ್ದಾರೆ. ಐದೂ ಮುಕ್ಕಾಲು.”

ಅರ್ಜಿಯ ಹಿಂಬದಿ ಖಾಲಿ ಹಾಳೆ. ಅದನ್ನು ಯಾರು ತಿರುಗಿಸಿ ನೋಡುತ್ತಾರೆ? ಇವನ ಬಾಯಿ ಮುಚ್ಚಿಸಿದರೆ ಸಾಕು ಎಂದುಕೊಂಡೇ ಅವಳು ಫೈಲು ಎಳೆದು ಕಟ್ಟಿನ ತಳದ ಅರ್ಜಿಯನ್ನು ಮಗುಚಿದಳು. ಮಂಕಾದ ಪೆನ್ಸಿಲಿನಲ್ಲಿ ಐದು ನಲವತ್ತೈದು ಎಂದಿತ್ತು. ಅದರ ಮೇಲಿನದು ಐದು ಐವತ್ತೈದು. ಅದರ ಮೇಲಿನದು ಆರು ಹತ್ತು. ಬೆರಳು ಬೇಗ ಬೇಗ ಮೇಲಕ್ಕೆ ಸರಿಯಿತು. ಎಲ್ಲಕ್ಕಿಂತ ಮೇಲಿದ್ದ ಅರ್ಜಿಯ ಹಿಂದೆ ಹನ್ನೊಂದು ಇಪ್ಪತ್ತು ಎಂದು ಬರೆದಿತ್ತು.

ಅರ್ಜಿ ತೆಗೆದುಕೊಂಡ ದಿನ ಬೆಳಿಗ್ಗೆಯಿಡೀ ಅವಳು ಒಳಗಿನ ಕೋಣೆಯಲ್ಲಿ ಸಭೆಗೆ ಕೂತಿದ್ದಳು. ಬಂದವರೆಲ್ಲ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಟ್ರೇಯಲ್ಲಿ ಅರ್ಜಿ ಇಟ್ಟು ಹೋಗಿದ್ದರು, ಒಬ್ಬರದರ ಮೇಲೆ ಒಬ್ಬರದು. ಮಧ್ಯಾಹ್ನ ಅವಳು ಟ್ರೇ ಮುಂದಿಟ್ಟುಕೊಂಡು ಮೇಲಿನಿಂದ ಒಂದು, ಎರಡು, ಮೂರು ಎಂದು ನಂಬರು ಹಾಕುತ್ತಾ ಹೋಗಿದ್ದಳು. ಮೊದಲು ಬಂದವನು ತಳದಲ್ಲಿದ್ದ. ಬೇಗ ಬಂದವರು ಹಣೆಬರಹ ಎಂದು ಸುಮ್ಮನಾದರು. ತಡವಾಗಿ ಬಂದವರು ತಾವಾಗಿ ಯಾಕೆ ಬಾಯಿ ಬಿಡುತ್ತಾರೆ?

ಮೇಲಿನ ಅರ್ಜಿಯನ್ನು ಅವಳು ಮತ್ತೆ ಈಚೆ ತಿರುಗಿಸಲಿಲ್ಲ. ಅದು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ತಂಗಿಯ ಮಗಳದು. ತನ್ನ ಮದುವೆಗೇ ತಡವಾಗಿ ಬಂದ ತಂಗಿ ಒಂದು ದಿನವಾದರೂ ಬೇಗ ಎದ್ದಳಲ್ಲ ಎಂದು ಲಿಸ್ಟಕ್ಕ ಅವತ್ತು ಒಳಗೊಳಗೇ ಹಿಗ್ಗಿದ್ದಳು.

“ಹೊರಗೆ ಬೆಂಚಿನ ಮೇಲೆ ಕೂತಿರಿ,” ಎಂದಳು ಬೇಕರಿಯವನಿಗೆ.

ಗಂಟೆ ಮೂರೂವರೆ. ಒಂದು ಕುಟುಂಬ ಊರು ಬಿಟ್ಟಿದ್ದರಿಂದ ಆರು ತಿಂಗಳಲ್ಲಿ ಖಾಲಿಯಾಗಿದ್ದು ಇದೊಂದೇ ಜಾಗ; ನಾಲ್ಕಕ್ಕೆ ಅದಕ್ಕೆ ಬರುವ ಮಗುವಿನ ಹೆಸರನ್ನು ಕೋಚ್‌ಗೆ ಕೊಡಬೇಕು. ಕೋಚ್ ಆಗಲೇ ಒದ್ದೆ ಚಪ್ಪಲಿ ಪಚಪಚ ಅನ್ನಿಸುತ್ತಾ ಬಂದು ಬಾಗಿಲಲ್ಲಿ ತಲೆ ತೂರಿಸಿದ. “ಹೆಸರು ಕೊಡಿ ಅಕ್ಕ, ಕಾರ್ಡು ಬರೆದುಬಿಡ್ತೀನಿ.”

“ನಾಲ್ಕಕ್ಕೆ ಅಂದಿದ್ದೆ.”

“ಗೊತ್ತಿರೋ ಹೆಸರೇ ತಾನೇ?” ಎಂದು ನಕ್ಕು ಹೋದ.

ಮೇಜಿನ ಮೇಲೆ ರಬ್ಬರು ಇತ್ತು. ಬರೀ ಪೆನ್ಸಿಲ್ ಗುರುತು, ಎರಡು ಸಲ ಉಜ್ಜಿದರೆ ಮುಗಿಯಿತು. ಪಟ್ಟಿ ತಿರುಗಿಸಿದರೆ ಅಧ್ಯಕ್ಷರ ಮೊಮ್ಮಗ ಒಂಬತ್ತರಿಂದ ಇಪ್ಪತ್ತಮೂರಕ್ಕೆ ಇಳಿಯುತ್ತಾನೆ, ಆಗ ಅಧ್ಯಕ್ಷರು ಕೆಮ್ಮಿ ಸುಮ್ಮನಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಜನ. ಲಿಸ್ಟಕ್ಕನ ತಂಗಿಯ ಮಗಳಂತೆ, ಆರು ತಿಂಗಳು ಮೊದಲ ನಂಬರಂತೆ, ಈಗ ಕಣ್ತಪ್ಪು ಅಂತಾಳಂತೆ. ಯಾರು ನಂಬುತ್ತಾರೆ? ಅವಳಿಗೆ ಭಯವಾಯಿತು. ರಬ್ಬರು ಕೈಗೆ ಬಂದಿತ್ತು, ಯಾವಾಗ ಎತ್ತಿಕೊಂಡಳೋ ನೆನಪಿರಲಿಲ್ಲ. ತನ್ನ ಕೈಯನ್ನು ನೋಡಿ ಅವಳಿಗೆ ಹೇಸಿಗೆಯಾಯಿತು. ಅದನ್ನು ಡ್ರಾಯರಿಗೆ ಎಸೆದು ಮುಚ್ಚಿದಳು.

ನಾಲ್ಕಕ್ಕೆ ಕಾಲು ಗಂಟೆ ಇರುವಾಗ ತಂಗಿ ಬಂದಳು. ಈ ಒಂದು ದಿನ ಅವಳು ತಡಮಾಡಿರಲಿಲ್ಲ. ಏಳು ವರ್ಷದ ಮಗಳು ಹೊಸ ಈಜು ಟೋಪಿಯನ್ನು ಮನೆಯಿಂದಲೇ ಹಾಕಿಕೊಂಡು ಬಂದಿದ್ದಳು. ಬಿಗಿಗೆ ಹುಬ್ಬು ಮೇಲೆ ಹೋಗಿತ್ತು. “ದೊಡ್ಡಮ್ಮ, ಇವತ್ತೇ ನೀರಿಗೆ ಇಳಿಸ್ತಾರಾ?”

“ಹೊರಗೆ ನಿಂತು ಕೊಳ ನೋಡ್ತಿರು ಪುಟ್ಟಿ,” ಎಂದು ಲಿಸ್ಟಕ್ಕ ಬಾಗಿಲು ಹಾಕಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು. “ಅರ್ಜಿ ಕೊಟ್ಟ ದಿನ ನೀನು ಎಷ್ಟು ಹೊತ್ತಿಗೆ ಬಂದೆ?”

ತಂಗಿ ಕಿಟಕಿಯ ಕಡೆ ನೋಡಿ ದನಿ ಇಳಿಸಿದಳು. “ಅದೆಲ್ಲ ಈಗ್ಯಾಕೆ? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಮ್ಮ ಯಜಮಾನರಿಗೂ ಹೇಳಿಲ್ಲ.”

“ಏನು ಹೇಳಿಲ್ಲ?”

“ನೀನು ಮಾಡಿಕೊಟ್ಟಿದ್ದು.”

ಊರವರು ನಂಬುವುದಿಲ್ಲ ಎಂದು ಹೆದರಿ ಕೂತಿದ್ದಳು. ಒಡಹುಟ್ಟಿದವಳೇ ಆರು ತಿಂಗಳಿಂದ ಅವಳನ್ನು ಮೋಸಗಾರ್ತಿ ಅಂದುಕೊಂಡಿದ್ದಳು!

“ನಾನು ಅಂಥವಳು ಅಂದ್ಕೊಂಡ್ಯಾ?”

“ಅಂಥವಳಲ್ಲ ಅಂತ ಗೊತ್ತಿದ್ದಕ್ಕೇ ಅಲ್ವಾ...” ತಂಗಿ ಕುರ್ಚಿಯಲ್ಲಿ ಕುಳಿತಳು. “ಚಿಕ್ಕೋರಿದ್ದಾಗ ಬಿಸ್ಕತ್ತು ಮುರಿದ್ರೂ ಎರಡು ತುಂಡು ಪಕ್ಕಪಕ್ಕ ಇಟ್ಟು ಸಮ ಇದೆಯಾ ಅಂತ ನೋಡ್ತಿದ್ದೆ ನೀನು. ನನಗೆ ಅಂತ ಒಂದು ಚೂರೂ ಜಾಸ್ತಿ ಕೊಟ್ಟೋಳಲ್ಲ. ಪಟ್ಟೀಲಿ ನಮ್ಮ ಹೆಸರು ಮೇಲಿರೋದು ನೋಡಿ ಬೋರ್ಡಿನ ಮುಂದೇನೇ ಅತ್ತುಬಿಟ್ಟೆ ಕಣಕ್ಕ. ಜಾಗ ಸಿಗುತ್ತೆ ಅಂತಲ್ಲ. ಅಕ್ಕ ಒಂದ್ಸಲ ನನಗೋಸ್ಕರ ನಿಯಮ ಮುರಿದಳಲ್ಲ ಅಂತ.”

ಹೌದು, ನಿನಗೋಸ್ಕರವೇ ಮಾಡಿದೆ ಎಂದು ಒಂದು ಸುಳ್ಳು ಹೇಳಿದ್ದರೆ ತಂಗಿಗೆ ಸಾಕಿತ್ತು. ಆ ಸುಳ್ಳು ಹೇಳಿಯೂ ಪಟ್ಟಿ ಸರಿಮಾಡಬಹುದಿತ್ತು. ಲಿಸ್ಟಕ್ಕನಿಗೆ ಹೇಳಬೇಕು ಅಂತಲೂ ಅನ್ನಿಸಿತು. ಆದರೆ ಬಾಯಿಂದ ಬಂದಿದ್ದು ಬೇರೆ.

“ನಾನು ಟ್ರೇ ಮೇಲಿಂದ ನಂಬರು ಹಾಕ್ತಾ ಹೋದೆ, ಅಷ್ಟೇ. ಕೊನೆಗೆ ಬಂದವಳು ನೀನು, ಮೇಲಿದ್ದೆ.”

“ನನ್ನ ಅರ್ಜಿ ಅಂತ ನೋಡಿ ಹಾಕ್ಲಿಲ್ವಾ?”

“ಇಲ್ಲ. ನಂಬರು ಹಾಕಿದ ಮೇಲೆ ಹೆಸರು ನೋಡಿದೆ.”

ತಂಗಿ ಜಗಳಕ್ಕೆ ನಿಂತಿದ್ದರೆ ಲಿಸ್ಟಕ್ಕನಿಗೆ ಸಮಾಧಾನವಾಗುತ್ತಿತ್ತು. ಸಿಟ್ಟು ಬಂದರೆ ಬಾಗಿಲನ್ನು ದಢಾರನೆ ಹಾಕುವ ತಂಗಿ ಎದ್ದು, ಹೊರಗೆ ಹೋಗಿ, ಅದನ್ನು ಮೆಲ್ಲಗೆ ಮುಚ್ಚಿದಳು.

ಲಿಸ್ಟಕ್ಕ ಹೊಸ ಹಾಳೆ ತೆಗೆದಳು. ಕಟ್ಟನ್ನು ಮಗುಚಿ ಇಟ್ಟುಕೊಂಡು, ಒಂದೊಂದೇ ಸಮಯ ನೋಡಿ, ಮೂವತ್ತೊಂದು ಹೆಸರನ್ನೂ ಬರೆದಳು. ಕೊನೆಯದು ತಂಗಿಯ ಮಗಳ ಹೆಸರು. ಕೆಳಗೆ ‘ಮೊದಲ ಪಟ್ಟಿಯ ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದಳು. ಆಗ ನಾಲ್ಕು ದಾಟಿ ಐದು ನಿಮಿಷವಾಗಿತ್ತು.

ಬೇಕರಿಯವನು ಬೆಂಚಿನಿಂದ ಎದ್ದು ನಿಂತ.

“ಜಾಗ ನಿಮ್ಮ ಮಗಳಿಗೆ,” ಎಂದಳು. “ಆರು ತಿಂಗಳು ಸುಮ್ಮನೆ ಕಾಯಿಸಿದೆ. ಕ್ಷಮಿಸಿ.”

ಅವನು ನಗುತ್ತಾನೆ ಅಂದುಕೊಂಡಿದ್ದಳು. ಅವನು ಕೊಳದ ಗಾಜಿಗೆ ಮೂಗೊತ್ತಿ ನಿಂತಿದ್ದ ಟೋಪಿಯ ಹುಡುಗಿಯನ್ನು ನೋಡಿದ. ಬೆಂಚಿನಲ್ಲಿ ಕೂತವನಿಗೆ ಏನೇನು ಕೇಳಿಸಿತ್ತೋ. “ಆ ಮಗೂದು ಎಷ್ಟನೇದು?”

“ಮೂವತ್ತೊಂದು.”

“ಪಾಪ,” ಎಂದ. ಆಮೇಲೆ, ಅವಳು ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಅನ್ನುವ ಹಾಗೆ, ಅವಸರವಾಗಿ ಫೋನು ತೆಗೆದು ಮನೆಗೆ ಹಚ್ಚಿದ.

ಲಿಸ್ಟಕ್ಕ ಬೋರ್ಡಿನಿಂದ ಹಳೆಯ ಪಟ್ಟಿ ಕಿತ್ತು ಹೊಸದನ್ನು ಚುಚ್ಚಿದಳು. ತಂಗಿ ಗೇಟಿನ ಹತ್ತಿರ ಈ ಕಡೆ ಬೆನ್ನು ಮಾಡಿ ನಿಂತು ಮಗಳನ್ನು ಕರೆಯುತ್ತಿದ್ದಳು. ಮಗಳು ಓಡಿಬಂದದ್ದು ಬೋರ್ಡಿನ ಕಡೆಗೆ. “ತಡಿ ಅಮ್ಮ, ನನ್ನ ಹೆಸರು ನೋಡ್ತೀನಿ.”

ಅವಳು ಹಿಮ್ಮಡಿ ಎತ್ತಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ತುಟಿ ಅಲುಗಿಸುತ್ತಾ ಓದಿದಳು. ಬೆರಳು ಒಂದು ಸಾಲು ಇಳಿಯಿತು, ಮತ್ತೊಂದು ಇಳಿಯಿತು. ಹಿಮ್ಮಡಿ ನೆಲಕ್ಕೆ ಬಂತು. ಅರ್ಧಕ್ಕೆ ಬಂದಾಗ ಬೆನ್ನು ಬಗ್ಗಿತು. ಲಿಸ್ಟಕ್ಕ ಹಳೆಯ ಪಟ್ಟಿಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹುಡುಗಿ ಕುಕ್ಕರುಗಾಲಲ್ಲಿ ಕುಳಿತು, ಕಟ್ಟಕಡೆಯ ಸಾಲಿನ ಮೇಲೆ ಬೆರಳನ್ನು ಒತ್ತಿ ಹಿಡಿದು, ಟೋಪಿಯ ತಲೆ ಮೇಲೆತ್ತಿದಳು.

“ಸಿಕ್ತು ದೊಡ್ಡಮ್ಮ!”