ಆಲೂಗಡ್ಡೆ ಬೇಯಿಸಿದ ನೀರು

ಹೆಂಡತಿಯ ಸ್ವೆಟರಿನಿಂದ ಬಾರ್ಲಿಯ ವಾಸನೆ ಬರತೊಡಗಿ ಮೂರು ವಾರವಾಗಿತ್ತು. ಮೂವತ್ತೆರಡು ವರ್ಷ ಬೇಕರಿ ನಡೆಸಿದವರ ಮೂಗು ಅದು, ಸುಳ್ಳು ಹೇಳುವುದಿಲ್ಲ. ಬೆನ್ನು ಕೈಕೊಟ್ಟು ಬೇಕರಿಗೆ ಬೀಗ ಹಾಕಿದ ಮೇಲೆ ಯಜಮಾನರಿಗೆ ಬೇರೆ ಕೆಲಸವೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ "ವಾಕಿಂಗ್ ಹೋಗಿ ಬರ್ತೀನ್ರೀ" ಎಂದು ಹೊರಟವಳು ಮನೆ ಸೇರುವಾಗ ಎರಡು ಗಂಟೆ.

"ಇಷ್ಟು ಹೊತ್ತು ಎಲ್ಲಿಗೆ ನಡೀತೀಯ?"

"ಕಾಲು ಹೋದ ಕಡೆ."

ಅವಳು ಸ್ನಾನಕ್ಕೆ ಹೋದಾಗ ಚಪ್ಪಲಿ ತಿರುಗಿಸಿ ನೋಡಿದರು. ಅಟ್ಟೆ ಒಂದಿಷ್ಟೂ ಸವೆದಿರಲಿಲ್ಲ. ಸ್ವೆಟರಿನ ತೋಳಿನ ಮಡಿಕೆಯಲ್ಲಿ ಧಾನ್ಯದ ಸಿಪ್ಪೆಯೊಂದು ಸಿಕ್ಕಿತು. ಅದನ್ನು ಮೂಸಿದರು, ನಾಲಿಗೆಗೂ ಇಟ್ಟು ನೋಡಿದರು. ಬೆಂದ ಬಾರ್ಲಿ! ಊರಿನಲ್ಲಿ ಬಾರ್ಲಿ ಬೇಯಿಸುವ ಜಾಗ ಒಂದೇ. ಹಳೇ ಗೋದಾಮಿನಲ್ಲಿ ಹೊಸದಾಗಿ ತೆರೆದ, ಬಿಯರನ್ನು ಅಲ್ಲೇ ತಯಾರಿಸುವ ಪಬ್ಬು.

ಅರವತ್ತು ದಾಟಿದ ಹೆಂಗಸಿಗೆ ಅಲ್ಲೇನು ಕೆಲಸ? ಯಾರ ಜೊತೆ ಕೂರುತ್ತಾಳೆ? ಕೇಳಿದರೆ ಜಾರಿಕೊಳ್ಳುತ್ತಾಳೆ. ತಲೆಗೆ ಹುಳ ಬಿಟ್ಟುಕೊಂಡ ಯಜಮಾನರು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ, ಬಾಗಿಲು ತೆರೆಯುತ್ತಿದ್ದಂತೆಯೇ ಪಬ್ಬಿನ ಮೂಲೆ ಮೇಜು ಹಿಡಿದರು.

ಗಾಜಿನ ಗೋಡೆಯ ಹಿಂದೆ ಆಳೆತ್ತರದ ತಾಮ್ರದ ಹಂಡೆಗಳು. ಗಿರಾಕಿಗಳು ಮೂರೇ ಮಂದಿ. ಹೆಂಡತಿಯ ಸುಳಿವಿಲ್ಲ. ಬಡಿಸುವ ಹುಡುಗಿ ಬಂದು ನಿಂತಳು.

"ಏನು ಕೊಡ್ಲಿ ಸರ್?"

ಸುಮ್ಮನೆ ಕೂತರೆ ಅನುಮಾನ ಬರುತ್ತದೆ. "ಎಲ್ಲರೂ ಏನು ತಿಂತಾರೆ?"

"ಬರ್ಗರ್. ನಮ್ಮ ಬನ್ನಿಗೋಸ್ಕರವೇ ಬರ್ತಾರೆ."

ಯಜಮಾನರು ಜನ್ಮದಲ್ಲಿ ಬರ್ಗರ್ ತಿಂದವರಲ್ಲ. ಬಂದದ್ದು ಗೋಪುರದಂತಿತ್ತು. ಮೇಲಿನ ಬನ್ನೆತ್ತಿ ಒಳಗೆ ಇಣುಕಿದರು. ಕರಿದ ಕೋಳಿ, ಈರುಳ್ಳಿ, ಏನೋ ಹಳದಿ ಸಾಸು. ಅದನ್ನೆಲ್ಲ ಬದಿಗೆ ಸರಿಸಿ ಬರೀ ಬನ್ನಿನ ತುಂಡು ಮುರಿದು ಬಾಯಿಗಿಟ್ಟರು.

ರುಚಿ ಗುರುತಿನದು. ಹಿಟ್ಟನ್ನು ಆಲೂಗಡ್ಡೆ ಬೇಯಿಸಿದ ನೀರಿನಲ್ಲಿ ಕಲಸಿದ್ದರು! ಅದು ಯಜಮಾನರ ಗುಟ್ಟು. ಕೆಲಸದಾಳುಗಳಿಗೂ ಬಾಯಿ ಬಿಟ್ಟಿರಲಿಲ್ಲ. ಗಲ್ಲಾದಲ್ಲಿ ಕೂತು ಬ್ರೆಡ್ ಕಟ್ಟಿಕೊಡುತ್ತಿದ್ದ ಹೆಂಡತಿ ಹಿಟ್ಟು ಮುಟ್ಟಲು ಬಂದರೆ, "ನಿನ್ನ ಕೈ ಬಿಸಿ, ಹಿಟ್ಟು ಹಾಳಾಗುತ್ತೆ" ಎಂದು ಅಟ್ಟುತ್ತಿದ್ದರು. ಅಂದರೆ ಇವಳು ಕದ್ದು ನೋಡಿದ್ದಾಳೆ. ನೋಡಿ, ಈ ಪಬ್ಬಿನವರಿಗೆ ಹೇಳಿಕೊಟ್ಟಿದ್ದಾಳೆ!

"ಈ ಬನ್ ಮಾಡಿದವರನ್ನ ಕರೀರಿ" ಎಂದರು. ಅವರ ದನಿ ಕೇಳಿ ಹುಡುಗಿ ಎರಡು ಮಾತಾಡದೆ ಒಳಗೋಡಿದಳು.

ಹೊರಗೆ ಬಂದದ್ದು ಹೆಂಡತಿ. ಮೊಣಕೈತನಕ ಹಿಟ್ಟು, ತಲೆಗೆ ಬಿಳಿ ಟೋಪಿ. ಗಂಡನನ್ನು ಕಂಡು ನಿಂತಲ್ಲೇ ನಿಂತಳು.

"ಇಲ್ಲಿಗೂ ಬಂದ್ರಾ?"

"ನೀನು... ನೀನೇ ಕಲಸ್ತೀಯಾ?"

"ಮತ್ತಿನ್ಯಾರು? ಬಿಯರಿಗೆ ಬೇಯಿಸಿದ ಬಾರ್ಲಿ ಮಿಗುತ್ತಲ್ಲ, ಅದನ್ನೂ ಸ್ವಲ್ಪ ಸೇರಿಸ್ತೀನಿ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಂತಿದ್ರಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಯಜಮಾನರು ಇನ್ನೊಂದು ತುಂಡು ಮುರಿದು, ತಪ್ಪು ಹುಡುಕುತ್ತ ನಿಧಾನವಾಗಿ ಅಗಿದರು. ಉಪ್ಪು ಸರಿಯಿತ್ತು. ಹದವಾಗಿ ಉಬ್ಬಿತ್ತು. ಬಾರ್ಲಿಯಿಂದಾಗಿ ಬಾಯಲ್ಲಿ ಉಳಿಯುವ ಸಣ್ಣ ಸಿಹಿ ಅವರ ಬನ್ನಿನಲ್ಲಿ ಎಂದೂ ಇದ್ದದ್ದಲ್ಲ.

"ನಾಳೆಯಿಂದ ನಾನೂ ಬರ್ತೀನಿ. ಒಲೆ ಹತ್ರ ನಿಂತು ನೋಡ್ಕೋತೀನಿ" ಎಂದರು.

"ಬೇಡ." ಥಟ್ಟನೆ ಬಂತು ಮಾತು. ಆಮೇಲೆ ತುಸು ಮೆತ್ತಗೆ, "ತಿನ್ನೋಕೆ ಬನ್ನಿ. ಒಳಗೆ ಬರಬೇಡಿ. ಇದು ನನ್ನ ಕೆಲಸ ಕಣ್ರೀ."

ಮುಖಕ್ಕೆ ಹೊಡೆದಂತಾಯಿತು. ಎದ್ದು ಹೋಗಬೇಕೆಂದುಕೊಂಡವರು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಅವಳು ಒಳಗೆ ಹೋದ ಮೇಲೆ, ತಣ್ಣಗಾದ ಕೋಳಿಯನ್ನೂ ಬಿಡದೆ ತಿಂದು ಮುಗಿಸಿದರು. ಅವಳ ಕೆಲಸ ಮುಗಿಯುವತನಕ ಅಲ್ಲೇ ಕೂತರು.

ಇಬ್ಬರೂ ಜೊತೆಯಾಗಿ ಹೊರಟರು. ಸೇತುವೆ ದಾಟುವಾಗ ಯಜಮಾನರೇ ಬಾರ್ಲಿಯ ಬಗ್ಗೆ ಕೇಳಿದರು. ಮೊದಲ ದಿನ ಅದು ಒದ್ದೆಯಾಗಿ ಹಿಟ್ಟೆಲ್ಲ ಗೋಂದಾದದ್ದರಿಂದ ಶುರು ಮಾಡಿ ಅವಳು ಮನೆ ಮುಟ್ಟುವವರೆಗೂ ಹೇಳಿದಳು. ಎರಡು ಸಲ ಅವರಿಗೆ ನಡುವೆ ಬಾಯಿ ಹಾಕಬೇಕೆನಿಸಿತು. ಹಾಕಲಿಲ್ಲ.