ಕಪ್ಪಿನ ಹಂಡೆ

"ಆ ನೀಲಿಯದ್ದನ್ನೂ ಹಾಕು," ಎಂದು ಪ್ರೂದೆನ್ಸಿಯಾ ಒಂದು ಕೈಯಲ್ಲಿ ಹಂಡೆಯೊಳಗೆ ಕೋಲು ತಿರುಗಿಸುತ್ತಲೇ ಇನ್ನೊಂದು ಕೈ ಚಾಚಿದಳು.

ಹಿತ್ತಲಲ್ಲಿ ಮೂರು ಕಲ್ಲುಗಳ ಮೇಲೆ, ಬಟ್ಟೆಗೆ ಕಪ್ಪು ಬಣ್ಣ ಕಟ್ಟುವ ಹಂಡೆ ಕುದಿಯುತ್ತಿತ್ತು. ಒಳಗೆ ತುಕ್ಕು ಹಿಡಿದ ಮೊಳೆ, ಒಗರು ಕಾಯಿಗಳ ಸಿಪ್ಪೆ, ಒತೀಲಿಯಾಳ ಎರಡು ಲಂಗ. ಕೋಣೆಯಲ್ಲಿ ಅವಳ ತಾಯಿ ಕಸಿಲ್ದಾ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಮಧ್ಯಾಹ್ನ ಮೂರಕ್ಕೆ ಹೊರಡಬೇಕು.

ಒತೀಲಿಯಾ ನೀಲಿ ಉಡುಪನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ಇದೊಂದು ಇರ್ಲಿ, ದೊಡ್ಡಮ್ಮ."

"ಯಾಕೆ? ಮದುವೆಗೆ ಹೋಗ್ಬೇಕಾ?"

ಕಾಫಿ ಸೋಸುತ್ತಿದ್ದ ಪಕ್ಕದ ಮನೆಯ ಎಮೆರಿತಾ ಕಿಸಕ್ಕನೆ ನಕ್ಕಳು. "ಮೂವತ್ತೆಂಟಕ್ಕೆ ಯಾವ ಗಂಡು ಬರ್ತಾನಮ್ಮಾ? ಮಗ್ದಲೇನಾ ನದಿಯಿಂದ ಮೊಸಳೆ ಎದ್ದು ಬಂದ್ರೆ ಬರ್ಬೇಕು!"

ತಾಯಿ ಸತ್ತರೆ ಮಗಳಿಗೆ ಮೂರು ವರ್ಷ ಕಪ್ಪು. ಬೀದಿಯ ಕಿಟಕಿ ತೆರೆಯುವಂತಿಲ್ಲ, ರೇಡಿಯೋದಲ್ಲಿ ಕುಂಬಿಯಾ ಕುಣಿತದ ಹಾಡು ಕೇಳುವಂತಿಲ್ಲ, ನದಿಗೆ ಇಳಿಯುವಂತಿಲ್ಲ. ಈಗಾಗಲೇ ಎರಡು ವರ್ಷ ಅವಳು ಹಾಸಿಗೆ ಹಿಡಿದ ತಾಯಿಯ ಮಗ್ಗುಲು ಬಿಟ್ಟು ಕದಲಿರಲಿಲ್ಲ. ಇನ್ನು ಮೂರು. ದುಃಖವಿರಲಿಲ್ಲವೆಂದಲ್ಲ, ಅಳುವುದಕ್ಕೂ ಒಂದಿಷ್ಟು ನಿದ್ದೆ ಮಾಡಿರಬೇಕಾಗುತ್ತದೆ.

*

ಪ್ರೂದೆನ್ಸಿಯಾ ತನ್ನ ಮನೆಯಿಂದ ತಂದಿದ್ದ ಆ ಹಂಡೆ ಮೊದಲು ಕಸಿಲ್ದಾಳದ್ದೇ. ಊರಿನಲ್ಲಿ ಯಾರು ಸತ್ತರೂ ಹೆಂಗಸರು ಬಟ್ಟೆಗಂಟು ಹೊತ್ತು ಅವಳ ಹಿತ್ತಲಿಗೇ ಬರುತ್ತಿದ್ದರು. ಅವಳ ಕೈ ಮೊಣಕೈವರೆಗೂ ಕಪ್ಪು. ಹದಿನೇಳರಲ್ಲಿ ಅಪ್ಪನಿಗೆಂದು ಕಪ್ಪು ಉಟ್ಟವಳು ಅಣ್ಣನಿಗೆ, ಅತ್ತೆಗೆ, ಮಾವನಿಗೆ, ಗಂಡನಿಗೆ ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಗಂಟುಹಾಕಿಕೊಂಡು ಐವತ್ತೊಂದಕ್ಕೆ ಬಂದಳು. ಆಗ ಒಂದು ಬೆಳಿಗ್ಗೆ, ಒಮ್ಮೆಯೂ ಮುಖ ಕಂಡಿರದ, ಗಂಡನ ಕಡೆಯ ಯಾವುದೋ ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂತು.

ಕಸಿಲ್ದಾ ಎದ್ದಳು, ನದಿಗೆ ನಡೆದಳು, ಉಟ್ಟ ಬಟ್ಟೆಯಲ್ಲೇ ಕುತ್ತಿಗೆಯವರೆಗೂ ನೀರಿಗಿಳಿದು ಬಿಸಿಲೇರುವವರೆಗೂ ಕೂತಳು. ಮನೆಗೆ ಬಂದು ಕಪ್ಪು ಲಂಗವನ್ನು ಸೀಬೆ ಮರಕ್ಕೆ ಹರವಿದಳು. ಮತ್ತೆ ತೆಗೆಯಲೇ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಹಕ್ಕಿಗಳು ಅದನ್ನು ದಾರ ದಾರವಾಗಿ ಗೂಡಿಗೆ ಒಯ್ದವು.

ಹಂಡೆಯನ್ನು ಅಕ್ಕ ಪ್ರೂದೆನ್ಸಿಯಾಳ ಮನೆಗೆ ಉರುಳಿಸಿಬಿಟ್ಟಳು. ಹೂವಿನ ಲಂಗ ಉಟ್ಟು, ಬಾಗಿಲಲ್ಲಿ ಕೂತು ಕಾಳು ಬಿಡಿಸತೊಡಗಿದಳು. ವಿಧವೆಗೆ ಯಾರೋ ಸಿಕ್ಕಿದ್ದಾನೆ ಎಂದು ಊರು ಕಾದೇ ಕಾಯಿತು. ಯಾರೂ ಬರಲಿಲ್ಲ. ಊರಿಗೆ ಅದರ ಸಿಟ್ಟೇ ಹೆಚ್ಚು.

"ನಾಚಿಕೆ ಆಗಲ್ವೇನೇ?" ಎಂದು ಅಕ್ಕ ಕೇಳಿದ್ದಳು.

"ಆಗ್ತಿತ್ತು ಕಣೇ ಅಕ್ಕ. ಸುಸ್ತಾಗಿ ಅದೂ ಬಿಟ್ಟೋಯ್ತು."

*

"ಅವಳನ್ನಂತೂ ತಿದ್ದೋಕಾಗ್ಲಿಲ್ಲ," ಎಂದಳು ಪ್ರೂದೆನ್ಸಿಯಾ. "ನೀನಾದ್ರೂ ಮಾನ ಉಳಿಸು. ನೀಲಿ ಉಟ್ಕೊಂಡು ಪೆಟ್ಟಿಗೆ ಹಿಂದೆ ನಡೆದ್ಯೋ, ಒಂಬತ್ತು ದಿನದ ಪ್ರಾರ್ಥನೆಗೆ ಒಂದು ನರಪಿಳ್ಳೆ ಬರಲ್ಲ. ಗೋಡೆ ನೋಡ್ಕೊಂಡು ಒಬ್ಬಳೇ ಜಪಮಾಲೆ ಹೇಳ್ಬೇಕು."

"ಬರದಿದ್ರೆ ಬೇಡ." ಆ ದನಿ ಒತೀಲಿಯಾಳಿಗೇ ಹೊಸದೆನಿಸಿತು. "ಒಂಬತ್ತು ದಿನಾನೂ ಮಲಗಿಬಿಡ್ತೀನಿ."

"ಅಯ್ಯೋ ದೇವಮಾತೆ!" ಎಮೆರಿತಾ ಶಿಲುಬೆಯ ಗುರುತು ಹಾಕಿಕೊಂಡಳು.

"ಹೆತ್ತವಳ ಮೇಲೆ ಪ್ರೀತಿ ಇಲ್ವಾ ನಿಂಗೆ?"

"ಎರಡು ವರ್ಷ ಅವಳ ಬೆನ್ನು ಒರೆಸಿದೀನಿ ದೊಡ್ಡಮ್ಮ. ಅದನ್ನ ಬಟ್ಟೆ ಬಂದು ಹೇಳ್ಬೇಕಾ?"

ಪ್ರೂದೆನ್ಸಿಯಾಳ ಕೋಲು ಜೋರಾಗಿ ತಿರುಗಿತು.

ಮೂರಕ್ಕೆ ಪೆಟ್ಟಿಗೆ ಎತ್ತಿದರು. ಒತೀಲಿಯಾ ನೀಲಿಯಲ್ಲೇ ನಡೆದಳು. ಹೆಂಗಸರು ಅವಳ ಸುತ್ತ ಎರಡು ಮಾರು ಜಾಗ ಬಿಟ್ಟರು. ಬೆಳಿಗ್ಗೆ ಅವಳಿಗೆ ಕಾಫಿ ಕುಡಿಸಿದ್ದ ಎಮೆರಿತಾ ಕೂಡ ಬೀದಿಯ ಆಚೆ ಬದಿಗೆ ಸರಿದಳು. ಬಿಸಿಲಿಗೆ ಕಪ್ಪು ಬಟ್ಟೆಗಳಿಂದ ಬೆವರು, ಕರ್ಪೂರ, ಹಳೆಯ ಪೆಟಾರಿಯ ವಾಸನೆ ಏಳುತ್ತಿತ್ತು. ಆದರೆ ಒತೀಲಿಯಾಳ ಸುತ್ತಲಿನ ಆ ಎರಡು ಮಾರು ಜಾಗದಲ್ಲಿ ಗಾಳಿ ಆಡುತ್ತಿತ್ತು.

ಮಣ್ಣು ಹಾಕಿದ ಮೇಲೆ ಯಾರೂ ಅವಳ ಕೈ ಹಿಡಿದು ಸಮಾಧಾನ ಹೇಳಲಿಲ್ಲ. ಒಬ್ಬೊಬ್ಬರಾಗಿ ಇಳಿಜಾರಿನ ಹಾದಿ ಹಿಡಿದರು. ಪ್ರೂದೆನ್ಸಿಯಾ ಮಾತ್ರ ಪಕ್ಕದ ಸಮಾಧಿಯ ಕಲ್ಲಿನ ಮೇಲೆ ಕುಸಿದು ಕೂತಳು.

"ನೀ ಹೋಗು. ನಿನ್ನ ಜೊತೆ ನಡೆಯಲ್ಲ ನಾನು."

"ಕಾಲು ನೋಯ್ತಿದ್ಯಾ?"

"ನಲವತ್ತು ವರ್ಷದಿಂದ ನೋಯ್ತಿದೆ. ಈಗ ಕೇಳ್ತಾಳೆ."

ಒತೀಲಿಯಾ ಹೋಗಲಿಲ್ಲ. ಕೊನೆಯ ಕಪ್ಪು ಬೆನ್ನು ತಿರುವಿನಲ್ಲಿ ಮರೆಯಾಯಿತು. ಪ್ರೂದೆನ್ಸಿಯಾ ಆ ಕಡೆ ಈ ಕಡೆ ನೋಡಿದಳು. ಬಗ್ಗಿ ಬೂಟು ಕಳಚಿದಳು. ಆಮೇಲೆ, ಗಾಯದ ಪಟ್ಟಿ ಬಿಚ್ಚುವಂತೆ ಮೆಲ್ಲಮೆಲ್ಲಗೆ, ತೊಡೆಯಿಂದ ಕಪ್ಪು ಕಾಲುಚೀಲಗಳನ್ನು ಸುರುಳಿ ಸುತ್ತಿ ಇಳಿಸಿದಳು. ಸಿಪ್ಪೆ ಸುಲಿದ ಮರಗೆಣಸಿನಷ್ಟು ಬೆಳ್ಳಗಿನ ಪಾದಗಳು. ಅವನ್ನು ತಂಗಿಯ ಗೋರಿಯ ಹಸಿಮಣ್ಣಿನೊಳಕ್ಕೆ ಪಾದದ ಗಂಟು ಮುಳುಗುವವರೆಗೂ ತಳ್ಳಿ ಕಣ್ಣು ಮುಚ್ಚಿದಳು.

ಯಾರಾದರೂ ಬಂದರೆ ಹೇಳೋಣವೆಂದು ಒತೀಲಿಯಾ ಹಾದಿಯ ಕಡೆಗೆ ತಿರುಗಿ ಕೂತಳು. ಬೆನ್ನ ಹಿಂದೆ, ಮಣ್ಣಿನಲ್ಲಿ, ಕಾಲ್ಬೆರಳುಗಳು ಒಂದೊಂದಾಗಿ ಅಲುಗಾಡುತ್ತಿದ್ದ ಸಣ್ಣ ಸದ್ದು ಕೇಳುತ್ತಿತ್ತು.